ದೇಶಭ್ರಷ್ಟ ಗಾಯಕ ಜಿರ್ಯಾಬ್

ಒಂಬತ್ತನೆಯ ಶತಮಾನದ ಆದಿಯಲ್ಲಿ ಬಾಗ್ದಾದಿನಲ್ಲಿ ಸಂಗೀತ ಕಲಿತ ಅಲಿ ಇಬ್ನ್ ನಾಫಿಗೆ ಜನರಿಟ್ಟ ಹೆಸರು ಜಿರ್ಯಾಬ್. ಕರಿಯ ಹಾಡುಹಕ್ಕಿಯೆಂದು ಅದರ ಅರ್ಥ. ಗುರುವಿನ ಮತ್ಸರವೇ ಅವನನ್ನು ಊರು ಬಿಡಿಸಿತೆಂಬ ಕಥೆ ಪ್ರಸಿದ್ಧವಾಗಿದೆ. ಹತ್ತನೆಯ ಶತಮಾನದ ಕಾರ್ಡೋವದ ಗ್ರಂಥಕಾರ ಇಬ್ನ್ ಅಬ್ದ್ ರಬ್ಬಿಹಿ ಅದನ್ನು ಹೇಳುವುದಿಲ್ಲ. ನಾನೂ ಅದನ್ನು ಪೂರ್ತಿ ನಂಬಲಾರೆ. ಅವನು ಹೇಳುವ ಸಂಗತಿ ಇನ್ನೂ ಕಠೋರವಾದುದು. ಉತ್ತರ ಆಫ್ರಿಕದ ಕೈರವಾನಿನ ಅರಸನೆದುರು ಜಿರ್ಯಾಬ್ ಕವಿ ಅಂತರನ ಪದ್ಯವನ್ನು ಹಾಡಿದನಂತೆ. ಅಂತರ ಕರಿಯ ದಾಸಿಯ ಮಗ. ಪದ್ಯ ತನಗೆ ಮಾಡಿದ ಅವಮಾನವೆಂದೆಣಿಸಿದ ಅರಸ, ಗಾಯಕನಿಗೆ ಏಟು ಹೊಡೆಸಿ, ಮೂರು ದಿನದೊಳಗೆ ನಾಡು ಬಿಡಬೇಕೆಂದು ಆಜ್ಞಾಪಿಸಿದ.

822ರಲ್ಲಿ ಜಿರ್ಯಾಬ್ ಕಡಲು ದಾಟಿ ಸ್ಪೇನಿನ ನೆಲ ಮುಟ್ಟುವಷ್ಟರಲ್ಲಿ, ಕರೆಸಿಕೊಂಡಿದ್ದ ದೊರೆ ಅಲ್-ಹಕಮ್ ತೀರಿಹೋಗಿದ್ದ. ಹೆಂಡತಿ ಮಕ್ಕಳೊಡನೆ ಮತ್ತೆ ಹಿಂದಿರುಗಲು ಹೊರಟವನನ್ನು ತಡೆದವನು, ಅವನನ್ನು ಎದುರುಗೊಳ್ಳಲು ಬಂದಿದ್ದ ಯೆಹೂದಿ ಗಾಯಕ ಮನ್ಸೂರ್. ಹೊಸ ದೊರೆ ಎರಡನೆಯ ಅಬ್ದುರ್ ರಹಮಾನ್ ಅವನನ್ನು ಆದರದಿಂದ ಬರಮಾಡಿಕೊಂಡ.

ಕಾರ್ಡೋವದಲ್ಲಿ ಜಿರ್ಯಾಬ್ ಊದ್ ವಾದ್ಯಕ್ಕೆ ಐದನೆಯ ತಂತಿಯನ್ನು ಸೇರಿಸಿದ; ಮೀಟಲು ಮರದ ಕಡ್ಡಿಗೆ ಬದಲು ಹದ್ದಿನ ಗರಿಯನ್ನು ಬಳಸಿದ. ಶಿಷ್ಯರಿಗೆ ಮೊದಲು ಲಯ, ಬಳಿಕ ರಾಗ, ಕೊನೆಗೆ ಅಲಂಕಾರ. ದನಿ ಸಣ್ಣಗಿದ್ದವನ ಸೊಂಟಕ್ಕೆ ರುಮಾಲನ್ನು ಬಿಗಿದು ಹಾಡಿಸುತ್ತಿದ್ದ. ಬಾಯಿ ತೆರೆಯಲಾರದವನ ಹಲ್ಲುಗಳ ನಡುವೆ ಮರದ ತುಂಡನ್ನು ಇರಿಸುತ್ತಿದ್ದ. ಅವನು ಸತ್ತದ್ದು ಸುಮಾರು 857ರಲ್ಲಿ. ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಅವನ ವಿದ್ಯೆಯನ್ನು ಮುಂದುವರಿಸಿದರು.

ಮುಂದೆ 1492ರಲ್ಲಿ ಗ್ರನಾಡ ಬಿದ್ದಿತು. 1609ರಿಂದ ಮೊರಿಸ್ಕೊ ಜನರನ್ನು ಸ್ಪೇನಿನಿಂದ ಹೊರಗಟ್ಟಲಾಯಿತು. ಮನೆಮಾರು ಬಿಟ್ಟ ಮುಸಲ್ಮಾನರೂ ಯೆಹೂದಿಗಳೂ ಆ ನಾಡಿನ ಹಾಡುಗಳನ್ನು ಫೆಜ್, ತ್ಲೆಮ್ಸೆನ್, ಟ್ಯೂನಿಸ್ ನಗರಗಳಿಗೆ ಒಯ್ದರು. ಅವುಗಳಲ್ಲಿ ಜಿರ್ಯಾಬನದು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ನೌಬಾ ಎಂಬ ಆ ಗೀತಮಾಲೆಯನ್ನು ಅಲ್ಲಿ ಇಂದಿಗೂ ಮೇಳವಾಗಿ ಕುಳಿತು ಹಾಡುತ್ತಾರೆ.