ದಂತಗಳ ನಡುವೆ ಉಳಿದ ಜೀವ

ಬೇಟೆಯ ಸಾಹಸಗಳನ್ನು ಓದುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಹೆಚ್ಚಿನ ಕಥೆಗಳು ಪ್ರಾಣಿ ಉರುಳಿ ಬಿದ್ದಲ್ಲಿಗೆ ಮುಗಿಯುತ್ತವೆ. ಅಮೆರಿಕದ ಕಾರ್ಲ್ ಏಕ್ಲಿ ಅವರ ಬದುಕಿನಲ್ಲಿ ಮಾತ್ರ ಮುಖ್ಯವಾದದ್ದು ನಡೆದದ್ದು ಬೇಟೆಗಾರನೇ ಉರುಳಿ ಬಿದ್ದ ಮೇಲೆ.

ಏಕ್ಲಿ ಹುಟ್ಟಿದ್ದು 1864ರಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲಾರೆಂಡನ್ ಎಂಬ ಊರಿನ ರೈತ ಕುಟುಂಬದಲ್ಲಿ. ಶಾಲೆಗೆ ಹೋದದ್ದು ಕೆಲವೇ ವರ್ಷ. ಸತ್ತ ಪ್ರಾಣಿಯ ಚರ್ಮ ಹದ ಮಾಡಿ ಜೀವಂತವಿದ್ದಂತೆ ನಿಲ್ಲಿಸುವ ಟ್ಯಾಕ್ಸಿಡರ್ಮಿಯ ಹುಚ್ಚು ಚಿಕ್ಕಂದಿನಲ್ಲೇ ಹತ್ತಿತ್ತು. 19ನೇ ವಯಸ್ಸಿನಲ್ಲಿ ರೋಚೆಸ್ಟರ್‌ನ ಸಂಸ್ಥೆಯೊಂದರಲ್ಲಿ ವಾರಕ್ಕೆ ಮೂರೂವರೆ ಡಾಲರ್ ಸಂಬಳಕ್ಕೆ ಸೇರಿದರು.

ಆಗೆಲ್ಲ ಚರ್ಮದೊಳಗೆ ಒಣಹುಲ್ಲು, ಮರದ ಹೊಟ್ಟು ತುಂಬಿ ಹೊಲಿಯುವುದೇ ರೂಢಿ. ಏಕ್ಲಿ ಅದನ್ನು ಒಪ್ಪಲಿಲ್ಲ. ಸ್ನಾಯುಗಳ ಉಬ್ಬುತಗ್ಗು ಕಾಣುವಂತೆ ಪ್ರಾಣಿಯ ಮೈಯನ್ನು ಮೊದಲು ಜೇಡಿಮಣ್ಣಿನಲ್ಲಿ ತಿದ್ದಿ, ಅದರ ಅಚ್ಚಿನಿಂದ ಹಗುರವಾದ ಪೊಳ್ಳು ಆಕೃತಿ ಮಾಡಿ, ಅದರ ಮೇಲೆ ಚರ್ಮ ಹೊದಿಸಿದರು. ಇದಕ್ಕೆ ಪ್ರಾಣಿಯನ್ನು ಅದರ ಕಾಡಿನಲ್ಲೇ ನೋಡಬೇಕಿತ್ತು. ಕೊಲ್ಲಲೂ ಬೇಕಿತ್ತು. ಅದಕ್ಕಾಗಿ 1896ರಲ್ಲಿ ಮೊದಲ ಬಾರಿ ಆಫ್ರಿಕಾಕ್ಕೆ ಹೋದರು.

1910ರಲ್ಲಿ ಅವರು ಕೆನ್ಯಾ ಪರ್ವತದ ಇಳಿಜಾರಿನಲ್ಲಿದ್ದರು. ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಆನೆಗಳು ಬೇಕಿದ್ದವು. ಜಾಡು ಹುಡುಕುತ್ತಿದ್ದಾಗ ಹಿಂದಿನಿಂದ ಗಂಡಾನೆಯೊಂದು ನುಗ್ಗಿ ಬಂತು. ಏಕ್ಲಿ ತಿರುಗಿ ಕೋವಿ ಎತ್ತಿದರೆ ಸೇಫ್ಟಿ ಕ್ಯಾಚ್ ಜಗ್ಗಲಿಲ್ಲ. ಅಷ್ಟರಲ್ಲಿ ದಂತ ಎದೆಯ ಬಳಿ ಇತ್ತು. ಎರಡು ಕೈಯಲ್ಲಿ ಎರಡು ದಂತ ಹಿಡಿದು, ಅವುಗಳ ನಡುವೆ ನೆಲಕ್ಕೆ ಬಿದ್ದರು. ಇಂಥ ಗಳಿಗೆ ಬಂದರೆ ಏನು ಮಾಡಬೇಕೆಂದು ಅವರು ಎಷ್ಟೋ ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದರಂತೆ. ಯೋಚಿಸಲು ಸಮಯವಿಲ್ಲದಾಗ ಆ ಅಭ್ಯಾಸವೇ ಕೈ ಹಿಡಿಯಿತು.

ಆನೆ ದಂತಗಳನ್ನು ಅವರ ಎರಡೂ ಪಕ್ಕದ ನೆಲಕ್ಕೆ ಊರಿತು. ಮಡಿಸಿದ ಸೊಂಡಿಲಿನಿಂದ ಎದೆಯನ್ನು ಒತ್ತಿತು. ನೆಲದಡಿ ಬೇರೋ ಬಂಡೆಯೋ ದಂತಕ್ಕೆ ಅಡ್ಡ ಸಿಕ್ಕಿದ್ದರಿಂದ ಜೀವ ಉಳಿಯಿತು. ಮೂಗು ಮುರಿದಿತ್ತು, ಕೆನ್ನೆ ಸೀಳಿತ್ತು, ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಚುಚ್ಚಿದ್ದವು. ಸತ್ತರೆಂದೇ ತಿಳಿದು ಜೊತೆಯವರು ಮುಟ್ಟಲಿಲ್ಲ. ಗಂಟೆಗಟ್ಟಲೆ ಚಳಿಯಲ್ಲಿ ಬಿದ್ದಿದ್ದ ಅವರನ್ನು ಕೊನೆಗೆ ಪತ್ನಿ ಡೀಲಿಯಾ ಕಾಡು ದಾಟಿ ಬಂದು ಉಳಿಸಿಕೊಂಡರು.

ನನ್ನನ್ನು ಹೆಚ್ಚು ಸೆಳೆದದ್ದು ಇದರ ಮುಂದಿನ ಭಾಗ. ಕೆಲಸವಿಲ್ಲದೆ ಮಲಗಿದ್ದ ಆ ತಿಂಗಳುಗಳಲ್ಲೇ ಅವರಿಗೆ ಒಂದು ದೊಡ್ಡ ಯೋಜನೆ ಹೊಳೆಯಿತು: ಮಧ್ಯದಲ್ಲಿ ಆನೆಗಳ ಹಿಂಡು, ಸುತ್ತ ಗಿಡಮರ, ಹಿನ್ನೆಲೆಯ ಚಿತ್ರಗಳ ಸಮೇತ ಆಫ್ರಿಕಾದ ಪ್ರಾಣಿಗಳಿರುವ ಒಂದು ಸಭಾಂಗಣ. ಕಾಡು ಕರಗುವ ಮೊದಲು ಅದನ್ನು ಮುಂದಿನವರಿಗೆ ತೋರಿಸಿಡಬೇಕು ಎಂಬುದು ಅವರ ಹಂಬಲ.

ಆನೆ ಅವರನ್ನು ಒಂದೇ ದಿನಕ್ಕೆ ಬದಲಿಸಿತು ಎಂದರೆ ಸುಳ್ಳಾಗುತ್ತದೆ. ಪೂರ್ತಿ ಗುಣವಾಗುವ ಮೊದಲೇ ಮತ್ತೆ ಆನೆಗಳ ಬೆನ್ನು ಹತ್ತಿದರು. 1921ರಲ್ಲಿ ಕಾಂಗೊದ ಮಿಕೆನೊ ಪರ್ವತದಲ್ಲಿ ಗೊರಿಲ್ಲಾಗಳನ್ನೂ ಕೊಂದರು. ಆದರೆ ಸತ್ತ ಗೊರಿಲ್ಲಾದ ಮುಖ ನೋಡಿದಾಗ ತಾನು ಕೊಲೆಗಾರನೇ ಎಂಬ ಭಾವನೆ ಅವರನ್ನು ಕಾಡಿತು. ಗೊರಿಲ್ಲಾಗಳಿಗೆ ರಕ್ಷಿತ ನೆಲೆ ಬೇಕೆಂದು ಬೆಲ್ಜಿಯಂ ದೊರೆ ಆಲ್ಬರ್ಟ್ ಅವರನ್ನು ಒತ್ತಾಯಿಸಿದರು. 1925ರಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಇಂದು ಅದು ವಿರುಂಗಾ ಎಂದು ಪ್ರಸಿದ್ಧ.

ಮರುವರ್ಷ, 1926ರ ನವೆಂಬರ್‌ನಲ್ಲಿ ಏಕ್ಲಿ ಅದೇ ಮಿಕೆನೊ ಪರ್ವತದಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ. ಅವರ ಕನಸಿನ ಸಭಾಂಗಣ ನ್ಯೂಯಾರ್ಕ್‌ನಲ್ಲಿ ತೆರೆದದ್ದು 1936ರಲ್ಲಿ, ಅವರದೇ ಹೆಸರಿನಲ್ಲಿ. ನಡುವೆ ಎಂಟು ಆನೆಗಳು ಇಂದಿಗೂ ನಿಂತಿವೆ.

ಪರೀಕ್ಷೆ ಬರೆದು ಫಲಿತಾಂಶಕ್ಕೆ, ಸಂದರ್ಶನ ಮುಗಿಸಿ ಕರೆಗೆ ಕಾಯುತ್ತಾ ಕೂರುವ ನಮಗೆ ಖಾಲಿ ತಿಂಗಳುಗಳೆಂದರೆ ಬದುಕೇ ನಿಂತುಹೋದಂತೆ. ಏಕ್ಲಿ ಅಂಥದ್ದೇ ತಿಂಗಳುಗಳಲ್ಲಿ ಉಳಿದ ಆಯುಷ್ಯಕ್ಕೆ ಸಾಕಾಗುವಷ್ಟು ಕೆಲಸ ಹುಡುಕಿಕೊಂಡರು. ಅವರ ಧೈರ್ಯಕ್ಕಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.