ಕುದುರೆ ಮೇಲೆ ಹೋಗಿ ಹೆರಿಗೆ ಮಾಡಿಸಿದ ನರ್ಸ್‌ಗಳು: ಮೇರಿ ಬ್ರೆಕಿನ್‌ರಿಜ್ ಬದುಕು

ಗಲ್ಫ್‌ನಲ್ಲಿರುವ ನಮ್ಮವರಲ್ಲಿ ನರ್ಸ್‌ಗಳು ಬಹಳ ಜನ. ಊರಲ್ಲಿ ಓದಿ, ಇಲ್ಲಿನ ಲೈಸೆನ್ಸ್ ಪರೀಕ್ಷೆಯೂ ಪಾಸಾಗಿ, ಹೆರಿಗೆ ವಾರ್ಡಿನ ಮೊದಲ ನೈಟ್ ಡ್ಯೂಟಿಗೆ ಹೋದಾಗ ಕೈ ನಡುಗಿತ್ತು ಅಂತ ಅವರೇ ಹೇಳ್ತಾರೆ. ಸರ್ಟಿಫಿಕೇಟು ಕೈಗೆ ಬಂದ ಮೇಲೂ ಕಲಿಯೋದು ಬಾಕಿ ಇರುತ್ತೆ ಅಂತ ಸುಮಾರು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡವರು ಮೇರಿ ಬ್ರೆಕಿನ್‌ರಿಜ್.

1881ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಹುಟ್ಟಿದ ಮೇರಿ ದೊಡ್ಡ ಮನೆತನದವರು. ಮುತ್ತಾತನ ಕಾಲದಿಂದಲೂ ರಾಜಕೀಯ. ತಾತ ದೇಶದ ಉಪಾಧ್ಯಕ್ಷರಾಗಿದ್ದವರು. ಮೊದಲ ಗಂಡ 1906ರಲ್ಲಿ ತೀರಿಕೊಂಡ ಮೇಲೆ ನ್ಯೂಯಾರ್ಕಿನಲ್ಲಿ ನರ್ಸಿಂಗ್ ಕಲಿತರು. ಎರಡನೇ ಮದುವೆಯಲ್ಲಿ ಎರಡು ಮಕ್ಕಳಾದವು. 1916ರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಹೆಣ್ಣುಮಗು ಕೆಲವೇ ಗಂಟೆ ಬದುಕಿತು. 1918ರಲ್ಲಿ ನಾಲ್ಕು ವರ್ಷದ ಮಗನೂ ಹೋದ. ಆ ಮದುವೆಯೂ ಉಳಿಯಲಿಲ್ಲ. ಇಷ್ಟಾದ ಮೇಲೆ ಮನೆಯಲ್ಲಿ ಕೂತು ಅಳಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಮೇರಿ ಬೇರೆಯವರ ಮಕ್ಕಳನ್ನು ಉಳಿಸುವ ಕೆಲಸಕ್ಕೆ ಹೊರಟರು.

ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಕೆಲಸ ಮಾಡುವಾಗ ತರಬೇತಾದ ಸೂಲಗಿತ್ತಿಯರನ್ನು ನೋಡಿದರು. ನರ್ಸೇ ಸೂಲಗಿತ್ತಿಯೂ ಆದರೆ ಹಳ್ಳಿಗೆ ಅನುಕೂಲ ಅಂತ ಹೊಳೆದದ್ದು ಅಲ್ಲೇ. ಆದರೆ ಅಮೆರಿಕದಲ್ಲಿ ನರ್ಸ್‌ಗಳಿಗೆ ಅದನ್ನು ಕಲಿಸುವ ಶಾಲೆ ಆಗ ಇರಲಿಲ್ಲ. ನಲವತ್ತು ದಾಟಿದ ವಯಸ್ಸಲ್ಲಿ ಲಂಡನ್ನಿಗೆ ಹೋಗಿ, ವುಲಿಚ್‌ನ ಹೆರಿಗೆ ಆಸ್ಪತ್ರೆಯಲ್ಲಿ ವಿದ್ಯಾರ್ಥಿನಿಯಾಗಿ ಕೂತರು. ಪಾಸಾದರೂ ಸಮಾಧಾನ ಇಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡು, ದ್ವೀಪಗಳಲ್ಲಿ ನರ್ಸ್‌ಗಳು ಹೇಗೆ ಕೆಲಸ ಮಾಡ್ತಾರೆ ಅಂತ ಹೋಗಿ ನೋಡಿ ಬಂದು, ಸರ್ಟಿಫಿಕೇಟ್ ಆದವರಿಗೇ ಇರುವ ಮುಂದಿನ ತರಬೇತಿಯನ್ನೂ ಲಂಡನ್ನಿನಲ್ಲಿ ಪಡೆದರು.

1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಯಲ್ಲಿ ಕೆಲಸ ಶುರು. ಬೆಟ್ಟದ ಸೀಮೆ, ರಸ್ತೆ ಇಲ್ಲ. ನರ್ಸ್‌ಗಳು ಕುದುರೆಯ ಎರಡೂ ಬದಿಗೆ ಚೀಲ ಕಟ್ಟಿಕೊಂಡು, ಹೊಳೆ ದಾಟಿ ಹೆರಿಗೆಗೆ ಹೋಗುತ್ತಿದ್ದರು. 1928ರಲ್ಲಿ ಸಂಸ್ಥೆಗೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಅಂತ ಹೆಸರಾಯಿತು. ಲೆಕ್ಕಪತ್ರದವನಾದ ನನಗೆ ಇಷ್ಟವಾದದ್ದು ಅವರ ಫೀಸು. ಗರ್ಭಿಣಿಯ ಆರೈಕೆ, ಹೆರಿಗೆ ಎಲ್ಲ ಸೇರಿ ಐದು ಡಾಲರ್. ದುಡ್ಡಿಲ್ಲದವರು ದವಸವನ್ನೋ ಮೈಗೆಲಸವನ್ನೋ ಕೊಟ್ಟು ತೀರಿಸಬಹುದಿತ್ತು. ಇದರಲ್ಲಿ ಸಂಸ್ಥೆ ನಡೆಯೋದಿಲ್ಲ, ನಿಜ. ಉಳಿದದ್ದಕ್ಕೆ ಮೇರಿ ಊರೂರು ತಿರುಗಿ ಭಾಷಣ ಮಾಡಿ ಚಂದಾ ಎತ್ತಿದರು. 1931ರಲ್ಲಿ ಕುದುರೆಯಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೂ ಅದು ನಿಲ್ಲಲಿಲ್ಲ.

ನರ್ಸ್‌ಗಳನ್ನು ಅವರು ಒಂಟಿಯಾಗಿ ಬಿಡಲಿಲ್ಲ. ಹಳ್ಳಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇಬ್ಬರು ಜೊತೆಗಿರುತ್ತಿದ್ದರು. ಯಾವ ತೊಂದರೆಗೆ ಏನು ಮಾಡಬೇಕು, ಯಾವಾಗ ಡಾಕ್ಟರನ್ನು ಕರೆಸಬೇಕು ಅಂತ ವೈದ್ಯರ ಸಮಿತಿ ಬರೆದುಕೊಟ್ಟ ಪುಸ್ತಕ ಕೈಯಲ್ಲಿತ್ತು. ಹೈಡನ್ ಊರಲ್ಲಿ ಸಂಸ್ಥೆಯದೇ ಚಿಕ್ಕ ಆಸ್ಪತ್ರೆ ಇತ್ತು. ಮೊದಲ ಸಾವಿರ ಹೆರಿಗೆಗಳ ಅಂಕಿಅಂಶವನ್ನು ಒಂದು ದೊಡ್ಡ ವಿಮಾ ಕಂಪನಿ ಪರಿಶೀಲಿಸಿದಾಗ, ಹೆರಿಗೆಯ ನೇರ ಕಾರಣದಿಂದ ಸತ್ತ ತಾಯಿ ಒಬ್ಬರೂ ಇರಲಿಲ್ಲ. ತೀರಿಕೊಂಡ ಇಬ್ಬರಿಗೆ ಹೃದಯ, ಮೂತ್ರಪಿಂಡದ ಕಾಯಿಲೆ ಇತ್ತು.

ನರ್ಸ್‌ಗಳಲ್ಲಿ ಹೆಚ್ಚಿನವರು ನಮ್ಮ ಹಾಗೇ ಹೊರದೇಶದಿಂದ ದುಡಿಯಲು ಬಂದವರು, ಬ್ರಿಟನ್ನಿನವರು. 1939ರಲ್ಲಿ ಯುದ್ಧ ಶುರುವಾದಾಗ ಹಲವರು ತಾಯ್ನಾಡಿಗೆ ಹೊರಟರು. ಅಮೆರಿಕದ ನರ್ಸ್‌ಗಳನ್ನು ಕಲಿಯಲು ಅಲ್ಲಿಗೆ ಕಳಿಸೋದೂ ಆಗಲ್ಲ. ಅದೇ ವರ್ಷ ನವೆಂಬರಿನಲ್ಲಿ ಮೇರಿ ತಮ್ಮದೇ ಶಾಲೆ ತೆರೆದರು. ನರ್ಸಿಂಗ್ ಮುಗಿಸಿದವರಿಗೆ ಮಾತ್ರ ಪ್ರವೇಶ. ಮೊದಲ ತಂಡದಲ್ಲಿ ಇಬ್ಬರೇ. ಪಾಠದ ಜೊತೆಗೆ ಅನುಭವಿ ಸೂಲಗಿತ್ತಿಯ ಹಿಂದೆ ಬೆಟ್ಟ ಹತ್ತಿ ಮನೆಮನೆಗೆ ಹೋಗಿ ಕಲಿಯಬೇಕಿತ್ತು.

ಮೇರಿಯಲ್ಲಿ ಕೊರತೆಯೂ ಇತ್ತು. ಬಡವರ ಮನೆಯ ಬಾಣಂತಿಗೆ ಅಷ್ಟು ಮಿಡಿದ ಅವರು ಕರಿಯ ಜನಾಂಗದ ನರ್ಸ್‌ಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅದನ್ನು ಮುಚ್ಚಿಟ್ಟು ಹೊಗಳೋದು ಸರಿಯಲ್ಲ.

1965ರಲ್ಲಿ ಅವರು ತೀರಿಕೊಂಡರು. ಶಾಲೆ ಇವತ್ತು ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ. 1989ರಿಂದ ಅಲ್ಲಿ ದೂರಶಿಕ್ಷಣವೂ ಇದೆ: ನರ್ಸ್ ತನ್ನ ಊರಲ್ಲೇ ಇದ್ದು ಪಾಠ ಓದ್ತಾಳೆ, ಹತ್ತಿರದ ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಪಳಗಿದವರೊಬ್ಬರ ಪಕ್ಕ ನಿಂತು ಹೆರಿಗೆ ಮಾಡಿಸೋದನ್ನ ಕಲೀತಾಳೆ.