ನ್ಯಾಟೋ ಕಟ್ಟಿದ ಬಂಡಿಕಾರ: ಅರ್ನೆಸ್ಟ್ ಬೆವಿನ್

ಉತ್ತರ ಅಟ್ಲಾಂಟಿಕ್ ಒಪ್ಪಂದ ಸಂಘಟನೆ, ಅಂದರೆ ನ್ಯಾಟೋ, ಅಮೆರಿಕದ ಸೃಷ್ಟಿ ಎಂಬ ನಂಬಿಕೆ ವ್ಯಾಪಕವಾಗಿದೆ. ಹಣ, ಸೈನ್ಯ, ಅಣ್ವಸ್ತ್ರಗಳಲ್ಲಿ ಅಮೆರಿಕದ್ದೇ ಸಿಂಹಪಾಲಾದ್ದರಿಂದ ಹಾಗೆನ್ನಿಸುವುದು ಸಹಜ. ಆದರೆ ಈ ಕಲ್ಪನೆಯನ್ನು ವಾಷಿಂಗ್ಟನ್ನಿನ ಬಾಗಿಲಿಗೆ ಹೊತ್ತೊಯ್ದು, ಹಿಂಜರಿಯುತ್ತಿದ್ದ ಅಮೆರಿಕನ್ನರನ್ನು ಹಂತ ಹಂತವಾಗಿ ಒಪ್ಪಿಸಿದವರಲ್ಲಿ ಮೊದಲಿಗರು ಬ್ರಿಟನ್ನಿನ ಒಬ್ಬ ಕಾರ್ಮಿಕ ನಾಯಕ. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟು, ಬ್ರಿಸ್ಟಲ್ ನಗರದ ಬೀದಿಗಳಲ್ಲಿ ಕುದುರೆ ಬಂಡಿ ಹೊಡೆದು ಜೀವನ ಸಾಗಿಸಿದ ಅರ್ನೆಸ್ಟ್ ಬೆವಿನ್ ಅವರೇ ಆ ನಾಯಕ.

ಬೆವಿನ್ ಜನಿಸಿದ್ದು 1881ರ ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ವಿನ್ಸ್‌ಫರ್ಡ್ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಯಾರೆಂಬುದು ದಾಖಲೆಗಳಲ್ಲಿಲ್ಲ. ತಾಯಿ ಸೂಲಗಿತ್ತಿಯಾಗಿ, ಮನೆಗೆಲಸದವಳಾಗಿ ದುಡಿದು ಮಕ್ಕಳನ್ನು ಸಾಕಿದರು. ಬಾಲಕನಿಗೆ ಎಂಟು ವರ್ಷವಾಗಿದ್ದಾಗ ಆಕೆಯೂ ತೀರಿಕೊಂಡರು. ಅಕ್ಕನ ಮನೆಯಲ್ಲಿ ಬೆಳೆದ ಹುಡುಗ ಹೊಲದ ಕೂಲಿಯಾಗಿ ದುಡಿಮೆ ಆರಂಭಿಸಿ, ಹದಿಮೂರರ ಆಸುಪಾಸಿನಲ್ಲಿ ಬ್ರಿಸ್ಟಲ್ ಸೇರಿದ. ಬೇಕರಿಯಲ್ಲಿ ಕೆಲಸ, ಆಮೇಲೆ ಸೋಡಾ ನೀರಿನ ಬಾಟಲಿಗಳನ್ನು ಅಂಗಡಿಗಳಿಗೆ ತಲುಪಿಸುವ ಬಂಡಿಯ ಸಾರಥ್ಯ. ಬ್ಯಾಪ್ಟಿಸ್ಟ್ ಪ್ರಾರ್ಥನಾ ಮಂದಿರದ ಭಾನುವಾರದ ತರಗತಿಗಳು ಮತ್ತು ಅಲ್ಲಿನ ಉಪದೇಶದ ವೇದಿಕೆ ಬೆವಿನ್ ಅವರಿಗೆ ದೊರೆತ ಏಕೈಕ ಕಾಲೇಜು. ಸಭೆಯೊಂದನ್ನು ಮಾತಿನಿಂದ ಹಿಡಿದು ನಿಲ್ಲಿಸುವ ಕಲೆಯನ್ನು ಅವರು ಕಲಿತದ್ದು ಅಲ್ಲಿಯೇ.

1910ರಲ್ಲಿ ಬ್ರಿಸ್ಟಲ್ ಬಂದರಿನ ಬಂಡಿಕಾರರನ್ನು ಸಂಘಟಿಸಿ ಹಮಾಲರ ಸಂಘಕ್ಕೆ ಸೇರಿಸಿದಲ್ಲಿಂದ ಅವರ ಸಾರ್ವಜನಿಕ ಜೀವನ ಆರಂಭವಾಯಿತು. ಹತ್ತೇ ವರ್ಷಗಳಲ್ಲಿ ಅವರ ಹೆಸರು ಇಂಗ್ಲೆಂಡಿನಾದ್ಯಂತ ಮನೆಮಾತಾಗಿತ್ತು. 1920ರಲ್ಲಿ ಬಂದರು ಕಾರ್ಮಿಕರ ಕೂಲಿ ನಿರ್ಧರಿಸಲು ಸರಕಾರ ನೇಮಿಸಿದ ವಿಚಾರಣಾ ಮಂಡಳಿಯ ಮುಂದೆ, ಬಂದರು ಮಾಲೀಕರ ಪರಿಣತ ವಕೀಲರಿಗೆ ಎದುರಾಗಿ, ಕಾರ್ಮಿಕರ ಪರ ಬೆವಿನ್ ತಾವೇ ವಾದ ಮಂಡಿಸಿದರು. ಅವರ ಆರಂಭಿಕ ಭಾಷಣವೇ ಸುಮಾರು ಹನ್ನೊಂದು ಗಂಟೆ ನಡೆಯಿತು. ಐದು ಜನರ ಕುಟುಂಬಕ್ಕೆ ವಾರಕ್ಕೆ ಇಂತಿಷ್ಟು ಹಣ ಸಾಕೆಂದು ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಲೆಕ್ಕ ಒಪ್ಪಿಸಿದಾಗ, ಬೆವಿನ್ ಆ ಲೆಕ್ಕದ ಪ್ರಕಾರವೇ ಮಾರುಕಟ್ಟೆಯಿಂದ ಸಾಮಾನು ಕೊಂಡು ತಂದು ಬೇಯಿಸಿ, ತಟ್ಟೆಗಳಲ್ಲಿ ಹಂಚಿ ಮಂಡಳಿಯ ಮೇಜಿನ ಮೇಲಿಟ್ಟರು. ದಿನವಿಡೀ ಮೂಟೆ ಹೊರುವವನ ಪಾಲಿಗೆ ಬಂದ ಆ ಎರಡು ತುತ್ತು ಕಂಡ ಮೇಲೆ ಹೆಚ್ಚಿನ ವಾದ ಬೇಕಾಗಲಿಲ್ಲ. ದಿನಕ್ಕೆ 16 ಷಿಲಿಂಗ್ ಕನಿಷ್ಠ ಕೂಲಿಗೆ ಮಂಡಳಿ ಶಿಫಾರಸು ಮಾಡಿತು.

ಮುಂದೆ ಸೋವಿಯತ್ ಒಕ್ಕೂಟದ ಕಡುವಿರೋಧಿ ಎನಿಸಿಕೊಂಡ ಇದೇ ಬೆವಿನ್, ಅದೇ 1920ರಲ್ಲಿ ಸೋವಿಯತ್ ರಷ್ಯಾದ ಪರವಾಗಿ ನಿಂತಿದ್ದರೆಂಬುದನ್ನು ಹಲವರು ಮರೆಯುತ್ತಾರೆ. ರಷ್ಯಾದ ವಿರುದ್ಧ ಹೋರಾಡುತ್ತಿದ್ದ ಪೋಲೆಂಡಿಗೆ ಶಸ್ತ್ರಾಸ್ತ್ರ ಸಾಗಿಸಲಿದ್ದ ‘ಜಾಲಿ ಜಾರ್ಜ್’ ಹಡಗಿಗೆ ಸರಕು ತುಂಬಲು ಲಂಡನ್ ಹಮಾಲರು ನಿರಾಕರಿಸಿದಾಗ ಅವರ ಬೆನ್ನಿಗೆ ನಿಂತವರು ಬೆವಿನ್. ಕಮ್ಯುನಿಸ್ಟರ ಬಗೆಗಿನ ಅವರ ಸಿಡುಕು ಪುಸ್ತಕದಿಂದ ಬಂದದ್ದಲ್ಲ. 1922ರಲ್ಲಿ ತಾವು ಕಟ್ಟಿದ ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘದೊಳಗೆ ಅವರೊಡನೆ ವರ್ಷಗಟ್ಟಲೆ ನಡೆಸಿದ ಜಗಳದಿಂದ ಬಂದದ್ದು. ಶಾಂತಿವಾದಿಗಳನ್ನೂ ಅವರು ಬಿಡಲಿಲ್ಲ. 1935ರ ಬ್ರೈಟನ್ ಸಮ್ಮೇಳನದಲ್ಲಿ, ಅಬಿಸೀನಿಯದ ಮೇಲೆರಗಲು ಹೊರಟ ಇಟಲಿಯ ವಿರುದ್ಧ ದಿಗ್ಬಂಧನಕ್ಕೂ ಒಪ್ಪದ ತಮ್ಮದೇ ಪಕ್ಷದ ನಾಯಕ, ವಯೋವೃದ್ಧ ಜಾರ್ಜ್ ಲ್ಯಾನ್ಸ್‌ಬರಿಯವರನ್ನು ಬೆವಿನ್ ಎಷ್ಟು ಕಟುವಾಗಿ ಖಂಡಿಸಿದರೆಂದರೆ, ಕೆಲವೇ ದಿನಗಳಲ್ಲಿ ಲ್ಯಾನ್ಸ್‌ಬರಿ ನಾಯಕತ್ವ ತೊರೆದರು. ಆ ಭಾಷಣದಲ್ಲಿ ಕರುಣೆಯ ಲವಲೇಶವೂ ಇರಲಿಲ್ಲ.

1940ರ ಮೇ ತಿಂಗಳಲ್ಲಿ ಪ್ರಧಾನಿಯಾದ ಚರ್ಚಿಲ್, ಸಂಸತ್ ಸದಸ್ಯರೇ ಆಗಿರದ ಬೆವಿನ್ ಅವರನ್ನು ಕಾರ್ಮಿಕ ಸಚಿವರನ್ನಾಗಿ ನೇಮಿಸಿಕೊಂಡರು. ಯುದ್ಧಕಾಲದ ಬ್ರಿಟನ್ನಿನ ಪ್ರತಿಯೊಬ್ಬ ಗಂಡಸು, ಹೆಂಗಸು ಎಲ್ಲಿ ದುಡಿಯಬೇಕೆಂದು ನಿರ್ಧರಿಸುವ ಅಧಿಕಾರ ಅವರ ಕೈಯಲ್ಲಿತ್ತು. ಸೈನ್ಯಕ್ಕೆ ಕರೆ ಬಂದ ಯುವಕರಲ್ಲಿ ಹತ್ತರಲ್ಲೊಬ್ಬನನ್ನು ಚೀಟಿ ಎತ್ತಿ ಕಲ್ಲಿದ್ದಲು ಗಣಿಗೆ ಕಳುಹಿಸಿದ ಕ್ರಮದಿಂದಾಗಿ ‘ಬೆವಿನ್ ಬಾಯ್ಸ್’ ಎಂಬ ಹೆಸರು ಇಂಗ್ಲಿಷ್ ಭಾಷೆಯಲ್ಲಿ ಉಳಿಯಿತು. ಭಾರತದ ಯುವ ಕುಶಲಕರ್ಮಿಗಳನ್ನು ಬ್ರಿಟನ್ನಿನ ಕಾರ್ಖಾನೆಗಳಲ್ಲಿ ತರಬೇತುಗೊಳಿಸಿದ ಯುದ್ಧಕಾಲದ ಯೋಜನೆಗೂ ಅವರದೇ ಹೆಸರಿತ್ತು.

1945ರ ಜುಲೈನಲ್ಲಿ ಲೇಬರ್ ಪಕ್ಷ ಭಾರೀ ಬಹುಮತದಿಂದ ಗೆದ್ದಾಗ ಬೆವಿನ್ ಹಣಕಾಸು ಖಾತೆ ದೊರೆಯುವುದೆಂದು ಎಣಿಸಿದ್ದರು. ಪ್ರಧಾನಿ ಕ್ಲೆಮೆಂಟ್ ಆಟ್ಲಿ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ವಿದೇಶಾಂಗ ಖಾತೆ ವಹಿಸಿದರು. ಶ್ರೀಮಂತ ಮನೆತನಗಳ ಮಕ್ಕಳಿಂದ ತುಂಬಿದ್ದ ಆ ಇಲಾಖೆಗೆ ಬಂಡಿ ಹೊಡೆದವನೊಬ್ಬ ಯಜಮಾನನಾಗಿ ಬಂದದ್ದು ಅಧಿಕಾರಿಗಳಿಗೆ ಮೊದಲಿಗೆ ಇರುಸುಮುರುಸು. ಕೆಲವೇ ತಿಂಗಳುಗಳಲ್ಲಿ ಅವರೇ ಬೆವಿನ್ ಅವರ ಕಟ್ಟಾ ಅಭಿಮಾನಿಗಳಾದರು.

ಖಾತೆಯೇನೋ ದೊಡ್ಡದು, ಬೊಕ್ಕಸ ಮಾತ್ರ ಬರಿದು. ಯುದ್ಧ ಗೆದ್ದ ಬ್ರಿಟನ್ ಅದೇ ವರ್ಷಾಂತ್ಯದಲ್ಲಿ ಅಮೆರಿಕದ ಮುಂದೆ ಕೈಚಾಚಿ 375 ಕೋಟಿ ಡಾಲರ್ ಸಾಲ ಪಡೆಯಬೇಕಾಯಿತು. ಯುದ್ಧಕಾಲದಲ್ಲಿ ಬ್ರಿಟಿಷ್ ವಿಜ್ಞಾನಿಗಳೂ ಸೇರಿ ತಯಾರಿಸಿದ ಅಣುಬಾಂಬಿನ ರಹಸ್ಯವನ್ನು 1946ರ ಕಾನೂನಿನ ಮೂಲಕ ಅಮೆರಿಕ ತನ್ನೊಳಗೇ ಬಚ್ಚಿಟ್ಟುಕೊಂಡಿತು. ಅದೇ ವರ್ಷ ಅಕ್ಟೋಬರ್ 25ರಂದು ನಡೆದ ಸಚಿವರ ಗುಪ್ತ ಸಮಿತಿಯಲ್ಲಿ, ಖರ್ಚಿನ ಭಯದಿಂದ ಬ್ರಿಟನ್ನಿನ ಸ್ವಂತ ಬಾಂಬಿನ ಯೋಜನೆ ಬಹುತೇಕ ಕೈಬಿಟ್ಟುಹೋಗುವ ಹಂತದಲ್ಲಿತ್ತು. ತಡವಾಗಿ ಬಂದ ಬೆವಿನ್ ಚರ್ಚೆಯ ದಿಕ್ಕನ್ನೇ ತಿರುಗಿಸಿದರು. ಅಮೆರಿಕದ ವಿದೇಶಾಂಗ ಸಚಿವರಿಂದ ತಾವು ಅನುಭವಿಸಿದಂಥ ಮಾತುಗಳನ್ನು ಮುಂದೆ ಬ್ರಿಟನ್ನಿನ ಮತ್ತಾವ ಸಚಿವನೂ ಕೇಳಬಾರದೆಂಬುದು ಅವರ ವಾದವಾಗಿತ್ತು. ಅಮೆರಿಕವನ್ನು ಯುರೋಪಿಗೆ ಕಟ್ಟಿಹಾಕಲು ಹೆಣಗಿದವರೇ ಅಮೆರಿಕದ ಹಂಗು ತಪ್ಪಿಸಿಕೊಳ್ಳಲೂ ಹವಣಿಸಿದರು. ಈ ಎರಡರಲ್ಲಿ ವಿರೋಧಾಭಾಸವಿದೆಯೆಂದು ಬೆವಿನ್ ಎಂದೂ ಭಾವಿಸಲಿಲ್ಲ. ಬಲಶಾಲಿ ಮಾಲೀಕನೊಡನೆ ಕರಾರು ಬೇಕು, ಕರಾರಿಗೆ ಕೂರುವಾಗ ತನ್ನ ಕೈಯಲ್ಲೂ ಏನಾದರೂ ಇರಬೇಕು ಎಂಬುದು ಬಂದರಿನಲ್ಲಿ ಕಲಿತ ಪಾಠ.

1947ರ ಫೆಬ್ರವರಿಯ ನಾಲ್ಕು ದಿನಗಳು ಬ್ರಿಟಿಷ್ ಸಾಮ್ರಾಜ್ಯದ ಚರಿತ್ರೆಯಲ್ಲಿ ಅಪೂರ್ವವಾದವು. ಭೀಕರ ಚಳಿ, ಕಲ್ಲಿದ್ದಲಿನ ಕೊರತೆ, ಕತ್ತಲಲ್ಲಿ ಮುಳುಗಿದ ಕಾರ್ಖಾನೆಗಳು. 18ರಂದು ಪ್ಯಾಲೆಸ್ಟೈನ್ ಸಮಸ್ಯೆಯನ್ನು ವಿಶ್ವಸಂಸ್ಥೆಗೆ ಒಪ್ಪಿಸುವುದಾಗಿ ಬೆವಿನ್ ಸಂಸತ್ತಿಗೆ ತಿಳಿಸಿದರು. 20ರಂದು, 1948ರ ಜೂನ್‌ನೊಳಗೆ ಭಾರತದಲ್ಲಿ ಅಧಿಕಾರ ಹಸ್ತಾಂತರಿಸುವುದಾಗಿ ಆಟ್ಲಿ ಘೋಷಿಸಿದರು. 21ರಂದು ಗ್ರೀಸ್ ಮತ್ತು ತುರ್ಕಿಗೆ ನೀಡುತ್ತಿರುವ ನೆರವನ್ನು ಮಾರ್ಚ್ 31ರ ನಂತರ ಮುಂದುವರಿಸಲಾಗದೆಂಬ ಪತ್ರ ವಾಷಿಂಗ್ಟನ್ ತಲುಪಿತು.

ಈ ಪೈಕಿ ಭಾರತದ ವಿಷಯದಲ್ಲಿ ಬೆವಿನ್ ನಡೆದುಕೊಂಡ ರೀತಿ ಭಾರತೀಯರು ಮೆಚ್ಚುವಂಥದ್ದಲ್ಲ. ನಿರ್ಗಮನಕ್ಕೆ ದಿನಾಂಕ ನಿಗದಿಪಡಿಸುವುದನ್ನು ವಿರೋಧಿಸಿ ಆ ವರ್ಷದ ಮೊದಲ ದಿನವೇ ಅವರು ಆಟ್ಲಿಗೆ ಪತ್ರ ಬರೆದಿದ್ದರು. ಬೇರೆ ದಾರಿಯಿದ್ದರೆ ತೋರಿಸುವಂತೆ ಪ್ರಧಾನಿ ಮರುಪ್ರಶ್ನೆ ಹಾಕಿದಾಗ ಅವರ ಬಳಿ ಉತ್ತರವಿರಲಿಲ್ಲ. ದುಡಿಯುವವರ ಹಕ್ಕಿಗಾಗಿ ಜೀವ ತೇದವರಿಗೆ ಸಾಮ್ರಾಜ್ಯವೆಂಬುದು ಮತ್ತೊಂದು ಬಗೆಯ ಮಾಲೀಕತ್ವವೆಂದು ಹೊಳೆಯದೇ ಹೋಯಿತು. ಪ್ಯಾಲೆಸ್ಟೈನಿನಲ್ಲಂತೂ ಅವರು ಅರಬರನ್ನೂ ಯಹೂದಿಗಳನ್ನೂ ಎದುರು ಹಾಕಿಕೊಂಡು ಬರಿಗೈಯಲ್ಲಿ ಹಿಂದಿರುಗಿದರು.

ಆದರೆ 21ರ ಪತ್ರ ಬೇರೆಯೇ ಫಲ ಕೊಟ್ಟಿತು. ಗ್ರೀಸ್ ಮತ್ತು ತುರ್ಕಿಯ ಹೊಣೆಯನ್ನು ತಾನು ಹೊರುವುದಾಗಿ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಅಮೆರಿಕದ ಸಂಸತ್ತಿನ ಮುಂದೆ ನಿಂತು 40 ಕೋಟಿ ಡಾಲರ್ ಕೇಳಿದರು. ಜೂನ್ 5ರಂದು ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್, ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಯುರೋಪಿನ ಪುನರ್ನಿರ್ಮಾಣಕ್ಕೆ ನೆರವಿನ ಸುಳಿವಿತ್ತರು. ಖಚಿತ ಮೊತ್ತವಾಗಲಿ ಯೋಜನೆಯಾಗಲಿ ಆ ಭಾಷಣದಲ್ಲಿರಲಿಲ್ಲ. ಬಿಬಿಸಿ ರೇಡಿಯೋದಲ್ಲಿ ಅದರ ವರದಿ ಕೇಳಿದ ಬೆವಿನ್ ಮರುದಿನವೇ ಕಾರ್ಯೋನ್ಮುಖರಾದರು. ಮಾರ್ಷಲ್ ಮಾತಿನ ಅರ್ಥವೇನೆಂದು ವಾಷಿಂಗ್ಟನ್ನಿಗೆ ಬರೆದು ಕೇಳೋಣವೆಂಬ ಸಲಹೆಯನ್ನು ಅವರು ತಳ್ಳಿಹಾಕಿದರು. ಕೇಳಿದರೆ ಕೊಡುವವನು ಮನಸ್ಸು ಬದಲಿಸಬಹುದು ಎಂಬ ಎಚ್ಚರ ಅವರಿಗಿತ್ತು. ಪ್ಯಾರಿಸ್ಸಿನಲ್ಲಿ ಕರೆದ ಸಭೆಯಿಂದ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಜುಲೈ ಆರಂಭದಲ್ಲಿ ಹೊರನಡೆದರು. ಉಳಿದ 16 ರಾಷ್ಟ್ರಗಳು ಸೇರಿ ನೆರವಿನ ಲೆಕ್ಕ ಸಿದ್ಧಪಡಿಸಿದವು. ಮುಂದಿನ ವರ್ಷಗಳಲ್ಲಿ ಹರಿದುಬಂದ ಮೊತ್ತ ಸುಮಾರು 1300 ಕೋಟಿ ಡಾಲರ್.

ಹಣ ಬಂತು. ರಕ್ಷಣೆ? ಜರ್ಮನಿಯ ಭವಿಷ್ಯದ ಬಗ್ಗೆ ಲಂಡನ್ನಿನಲ್ಲಿ ನಡೆದ ನಾಲ್ಕು ವಿದೇಶಾಂಗ ಸಚಿವರ ಸಭೆ 1947ರ ಡಿಸೆಂಬರ್‌ನಲ್ಲಿ ಮುರಿದುಬಿದ್ದಾಗ, ಪಶ್ಚಿಮದ ರಾಷ್ಟ್ರಗಳ ಒಕ್ಕೂಟವೊಂದರ ಕಲ್ಪನೆಯನ್ನು ಬೆವಿನ್ ಮಾರ್ಷಲ್ ಮುಂದಿಟ್ಟರು. ಯುರೋಪಿನ ಜಗಳಗಳಿಗೆ ಶಾಂತಿಕಾಲದಲ್ಲಿ ಕಟ್ಟುಬೀಳಬಾರದೆಂಬುದು ಅಮೆರಿಕದಲ್ಲಿ ಸುಮಾರು ಒಂದೂವರೆ ಶತಮಾನದ ಸಂಪ್ರದಾಯ. ನೀವು ಮೊದಲು ಒಂದಾಗಿ ತೋರಿಸಿ, ಆಮೇಲೆ ನೋಡೋಣ ಎಂಬ ಧಾಟಿಯಲ್ಲಿ ವಾಷಿಂಗ್ಟನ್ ಸ್ಪಂದಿಸಿತು. ಬೆವಿನ್ ಅಷ್ಟನ್ನೇ ಮಾಡಿದರು. 1948ರ ಫೆಬ್ರವರಿಯಲ್ಲಿ ಜೆಕೊಸ್ಲೊವಾಕಿಯ ಕಮ್ಯುನಿಸ್ಟರ ವಶವಾಯಿತು. ಮಾರ್ಚ್ 17ರಂದು ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಬ್ರಸೆಲ್ಸ್‌ನಲ್ಲಿ ಪರಸ್ಪರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ನಾರ್ವೆಯ ಮೇಲೂ ಸೋವಿಯತ್ ಒತ್ತಡ ಬೀಳಬಹುದೆಂಬ ಸುದ್ದಿಯನ್ನು ಹಿಡಿದು, ಬೆವಿನ್ ಅದಕ್ಕೆ ಕೆಲವೇ ದಿನ ಮೊದಲು ಅಟ್ಲಾಂಟಿಕ್ ಭದ್ರತೆಯ ಪ್ರಸ್ತಾಪವನ್ನು ಅಮೆರಿಕಕ್ಕೆ ಕಳುಹಿಸಿದ್ದರು. ಈ ಬಾರಿ ಮಾರ್ಷಲ್ ತಡಮಾಡದೆ ಒಪ್ಪಿದರು.

ಮಾರ್ಚ್ 22ರಿಂದ ಪೆಂಟಗನ್ ಕಟ್ಟಡದಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಪ್ರತಿನಿಧಿಗಳ ಗುಪ್ತ ಮಾತುಕತೆ ಆರಂಭವಾಯಿತು. ಗುಟ್ಟು ಸೋರೀತೆಂಬ ಶಂಕೆಯಿಂದ ಫ್ರಾನ್ಸನ್ನು ಆಹ್ವಾನಿಸಿರಲಿಲ್ಲ. ಆದರೆ ಬ್ರಿಟಿಷ್ ನಿಯೋಗದಲ್ಲೇ ಡೊನಾಲ್ಡ್ ಮ್ಯಾಕ್ಲೀನ್ ಎಂಬ ಅಧಿಕಾರಿಯೊಬ್ಬರಿದ್ದರು. ಅವರು ಸೋವಿಯತ್ ಗೂಢಚಾರರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಜೂನ್‌ನಲ್ಲಿ ಸ್ಟಾಲಿನ್ ಬರ್ಲಿನ್ ನಗರದ ರಸ್ತೆ, ರೈಲುಗಳನ್ನು ಬಂದ್ ಮಾಡಿದಾಗ ನಗರ ಬಿಟ್ಟು ಬರುವ ಮಾತನ್ನು ಬೆವಿನ್ ಸುತರಾಂ ಒಪ್ಪಲಿಲ್ಲ. ವಿಮಾನಗಳಲ್ಲೇ ಹಿಟ್ಟು, ಕಲ್ಲಿದ್ದಲು ಹೊತ್ತು 20 ಲಕ್ಷಕ್ಕೂ ಅಧಿಕ ಜನರನ್ನು ಬದುಕಿಸಿದ ಆ ಕಾರ್ಯಾಚರಣೆ ಮುಂದಿನ ಮೇವರೆಗೆ ದಿಗ್ಬಂಧನವನ್ನು ಸೋಲಿಸಿತು. ಅದೇ ಬೇಸಿಗೆಯಲ್ಲಿ ಅಮೆರಿಕದ ಸುಮಾರು 60 ಬಿ-29 ಬಾಂಬರ್ ವಿಮಾನಗಳು ಇಂಗ್ಲೆಂಡಿನ ನೆಲಕ್ಕಿಳಿದವು. ಅವುಗಳ ಬಳಕೆಯ ಬಗ್ಗೆ ಬ್ರಿಟನ್ನಿನ ಕೈಯಲ್ಲಿ ಲಿಖಿತ ಕರಾರೇನೂ ಇರಲಿಲ್ಲ. ಕೂಲಿಯ ಪ್ರತಿ ಪೆನ್ನಿಗೂ ಕಾಗದ ಕೇಳುತ್ತಿದ್ದ ಕಾರ್ಮಿಕ ನಾಯಕರು ಇಲ್ಲಿ ಬಾಯಿಮಾತಿಗೆ ತೃಪ್ತರಾದದ್ದು ಸೋಜಿಗ.

1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ರಾಷ್ಟ್ರಗಳು ಸಹಿ ಹಾಕಿದವು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಸಾರುವ ಐದನೆಯ ವಿಧಿಯೇ ಒಪ್ಪಂದದ ಜೀವಾಳ. ಆದರೆ ಪ್ರತಿ ರಾಷ್ಟ್ರವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳಬಹುದೆಂಬ ಸಡಿಲಿಕೆಯನ್ನು ಅಮೆರಿಕದ ಸೆನೆಟರ್‌ಗಳ ಒತ್ತಾಯದ ಮೇರೆಗೆ ಸೇರಿಸಲಾಯಿತು. ಸದಸ್ಯ ಬಲ 2024ರಲ್ಲಿ 32ಕ್ಕೆ ಏರಿದ ಈ ಕೂಟ, ಕಷ್ಟ ಬಂದಾಗ ಅಮೆರಿಕ ನಿಜಕ್ಕೂ ಬರುವುದೇ ಎಂದು ಚಿಂತಿಸುವಾಗಲೆಲ್ಲ ಚರ್ಚೆ ತಿರುಗುವುದು ಇದೇ ಪದಗಳ ಸುತ್ತ.

ಪ್ರಜಾಪ್ರಭುತ್ವದ ರಕ್ಷಣೆಗೆಂದು ಹುಟ್ಟಿದ ಒಪ್ಪಂದದಲ್ಲಿ ಸಲಜಾರ್ ಸರ್ವಾಧಿಕಾರದ ಪೋರ್ಚುಗಲ್ ಕೂಡ ಸ್ಥಾಪಕ ಸದಸ್ಯ. ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಕ್ಕೂ ಅದರ ರಕ್ಷಣೆ ವಿಸ್ತರಿಸಿತ್ತು. ಇಂಡೋನೇಷ್ಯಾದ ಮೇಲೆ ಡಚ್ಚರು ನಡೆಸಿದ ದಾಳಿಯನ್ನು ಖಂಡಿಸಿ ನೆಹರೂ ದೆಹಲಿಯಲ್ಲಿ ಸಮ್ಮೇಳನ ಕರೆದದ್ದು ಅದೇ ಜನವರಿಯಲ್ಲಿ. ಮೂರೇ ತಿಂಗಳಲ್ಲಿ ಆ ಡಚ್ಚರೂ ಸಹಿದಾರರಾದರು. ಭಾರತ ಯಾವ ಬಣಕ್ಕೂ ಸೇರದೆ ಉಳಿದದ್ದಕ್ಕೆ ಕಾರಣ ಹುಡುಕುವವರು ಈ ಪಟ್ಟಿಯನ್ನೊಮ್ಮೆ ನೋಡಿದರೆ ಸಾಕು. ಹಾಗಿದ್ದೂ ಗಣರಾಜ್ಯವಾಗಲಿದ್ದ ಭಾರತಕ್ಕೆ ಕಾಮನ್‌ವೆಲ್ತ್‌ನಲ್ಲಿ ಸ್ಥಾನ ಉಳಿಸಿದ ಲಂಡನ್ ಘೋಷಣೆ ಹೊರಬಿದ್ದದ್ದು ಅದೇ ಏಪ್ರಿಲ್ ಕೊನೆಯಲ್ಲಿ. 1950ರ ಜನವರಿಯಲ್ಲಿ ಕೊಲಂಬೊದಲ್ಲಿ ನೆಹರೂ ಮತ್ತು ಬೆವಿನ್ ಒಂದೇ ಮೇಜಿನ ಸುತ್ತ ಕುಳಿತರು. ಆ ವೇಳೆಗೆ ಬೆವಿನ್ ಅವರ ಹೃದಯ ಎಷ್ಟು ಕೆಟ್ಟಿತ್ತೆಂದರೆ ಮಹಡಿ ಹತ್ತಲು ಅವರನ್ನು ಎತ್ತಿಕೊಂಡೇ ಹೋಗಬೇಕಿತ್ತು.

ಕೂಟದ ಖರ್ಚಿನ ಚೀಟಿ ಬಂದದ್ದು ಆಮೇಲೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಅಮೆರಿಕ, ಜರ್ಮನರ ಕೈಗೆ ಮತ್ತೆ ಬಂದೂಕು ಕೊಡಬೇಕೆಂದು ಪಟ್ಟುಹಿಡಿಯಿತು. ಎರಡು ಯುದ್ಧ ಕಂಡ ಬೆವಿನ್ ಅವರಿಗೆ ಇದು ನುಂಗಲಾರದ ತುತ್ತು. ಅಮೆರಿಕದ ಸೇನೆ ಯುರೋಪಿನಲ್ಲಿ ಉಳಿಯಬೇಕೆಂಬ ಕಾರಣಕ್ಕೆ ನುಂಗಿದರು. ಬ್ರಿಟನ್ ತಾನೂ ಮೂರು ವರ್ಷಗಳಲ್ಲಿ 470 ಕೋಟಿ ಪೌಂಡ್ ರಕ್ಷಣೆಗೆ ಸುರಿಯಲು ಒಪ್ಪಿತು. ಅದೇ ಸರಕಾರ ಕಟ್ಟಿದ್ದ ಉಚಿತ ಆರೋಗ್ಯ ಸೇವೆಯಲ್ಲಿ ಕನ್ನಡಕಕ್ಕೂ ಕಟ್ಟುಹಲ್ಲಿಗೂ ಶುಲ್ಕ ಬಂತು.

1951ರ ಮಾರ್ಚ್ 9ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ಸಮಾರಂಭದ ದಿನವೇ, ಆಟ್ಲಿಯ ಸೂಚನೆಯಂತೆ ಬೆವಿನ್ ವಿದೇಶಾಂಗ ಖಾತೆ ಬಿಟ್ಟರು. ಏಪ್ರಿಲ್ 14ರಂದು ನಿಧನರಾದರು. ಅವರ ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಎಂಟು ದಿನಗಳ ನಂತರ, ಆರೋಗ್ಯ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ (ಹೆಸರಿನ ಸಾಮ್ಯದಿಂದ ಪತ್ರಿಕೆ ಓದುಗರನ್ನು ಸದಾ ಗೊಂದಲಕ್ಕೀಡುಮಾಡಿದ ಮತ್ತೊಬ್ಬ ಕಾರ್ಮಿಕ ನಾಯಕ) ಆ ಶುಲ್ಕವನ್ನು ಪ್ರತಿಭಟಿಸಿ ಸಚಿವ ಸಂಪುಟದಿಂದ ಹೊರಬಂದರು. ಮೇ 25ರ ರಾತ್ರಿ, ಬೆವಿನ್ ಅವರ ಹಳೆಯ ಇಲಾಖೆಯಲ್ಲಿ ಅಮೆರಿಕ ವಿಭಾಗದ ಮುಖ್ಯಸ್ಥರಾಗಿದ್ದ ಡೊನಾಲ್ಡ್ ಮ್ಯಾಕ್ಲೀನ್ ಇಂಗ್ಲಿಷ್ ಕಡಲ್ಗಾಲುವೆ ದಾಟುವ ಹಡಗು ಹತ್ತಿ ಮಾಸ್ಕೋ ಹಾದಿ ಹಿಡಿದರು.